ಓದುವುದು ಮಂಗಳೂರಲ್ಲಿ, ಕೋರ್ಟು ಕಾಸರಗೋಡಲ್ಲಿ: ಎಲ್‌ಎಲ್‌ಬಿಗೆ ಐಚ್ಛಿಕ ವಿಷಯ ಯಾವುದು ತಗೊಳ್ಳುವುದು?

ಪೆರ್ಲದ ತಿರುವು
ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳು ಮಂಗಳೂರಿಗೋ ಪುತ್ತೂರಿಗೋ ಹೋಗಿ ಕಾನೂನು ಓದುವುದು ಹೊಸತೇನಲ್ಲ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು ಎನ್ನುವುದೇ ಮುಖ್ಯ ಕಾರಣ. ಈಗ ನಾಲ್ಕೈದು ಮಂದಿ ಒಟ್ಟಿಗೆ ಕೇಳುತ್ತಿರುವ ಪ್ರಶ್ನೆ ಇದು. ಮುಂದಿನ ಸೆಮಿಸ್ಟರಿನಿಂದ ಐಚ್ಛಿಕ ಪೇಪರು ಶುರು. ಮಾನವ ಹಕ್ಕೋ ವಿಮೆಯೋ, ಬ್ಯಾಂಕಿಂಗೋ ಮಾಹಿತಿ ಹಕ್ಕೋ, ಬೌದ್ಧಿಕ ಆಸ್ತಿಯೋ ದಂಡಶಾಸ್ತ್ರವೋ ಎಂದು ಎರಡೆರಡರಲ್ಲಿ ಒಂದು ಆರಿಸಬೇಕು. ಮುಂದೆ ಇವರೆಲ್ಲ ಕೂರುವುದು ವಿದ್ಯಾನಗರದ ಕೋರ್ಟಿನಲ್ಲಿ ಅಥವಾ ಹೊಸದುರ್ಗದಲ್ಲಿ. ಬೆಂಗಳೂರಿನ ಕಂಪನಿ ಕೆಲಸದ ಆಸೆ ಇಲ್ಲ. ಹಾಗಾದರೆ ಯಾವುದು ತಗೊಳ್ಳಬೇಕು? ಸನ್ನದಿಗೆ (ವಕೀಲರಾಗಿ ನೋಂದಣಿಗೆ), ಎಐಬಿಇಗೆ (ಅಖಿಲ ಭಾರತ ವಕೀಲರ ಪರೀಕ್ಷೆಗೆ) ಏನಾದರೂ ತೊಡಕು ಉಂಟಾ?

ಬಾಯಿಪಾಠ
ಮಾನವ ಹಕ್ಕು. ಪಾಸಾಗ್ಲಿಕ್ಕೆ ಸುಲಭ. ಮುಗೀತು.

ಕರಿಕೋಟು
ಮೊದಲು ನಿಯಮ ಹೇಳ್ತೇನೆ, ಆಮೇಲೆ ಜಗಳ ಮಾಡುವ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 20 ಕಡ್ಡಾಯ ಪೇಪರು, 4 ಪ್ರಾಯೋಗಿಕ ಪೇಪರು, ಕನಿಷ್ಠ 6 ಐಚ್ಛಿಕ. ಆನರ್ಸ್‌ಗೆ ಇನ್ನೂ 8. ಐಚ್ಛಿಕಗಳನ್ನು ಗುಂಪು ಮಾಡಿ ಕೊಟ್ಟಿದ್ದಾರೆ: ಸಂವಿಧಾನ, ವ್ಯವಹಾರ, ಅಂತಾರಾಷ್ಟ್ರೀಯ ವ್ಯಾಪಾರ, ಅಪರಾಧ, ಅಂತಾರಾಷ್ಟ್ರೀಯ ಕಾನೂನು, ಕೃಷಿ, ಬೌದ್ಧಿಕ ಆಸ್ತಿ. ಕೃಷಿ ಗುಂಪಿನಲ್ಲಿ ಭೂಮಿತಿ (ಎಷ್ಟು ಜಮೀನು ಇಟ್ಟುಕೊಳ್ಳಬಹುದೆಂಬ ಮಿತಿ), ಬೀಜ-ಗೊಬ್ಬರ-ನೀರಿನ ಕಾನೂನು, ಕೃಷಿ ಸಾಲ, ಮಾರುಕಟ್ಟೆ, ಸಹಕಾರ, ಬೆಳೆ ವಿಮೆ ಎಲ್ಲ ಉಂಟು. ನಮ್ಮ ಊರಿಗೆ ಹೇಳಿ ಮಾಡಿಸಿದ ಗುಂಪು ಅದು, ಆದರೆ ಹೆಚ್ಚಿನ ಕಾಲೇಜುಗಳು ಅದನ್ನು ಕಲಿಸುವುದೇ ಇಲ್ಲ. ನೋಟೀಸಿನಲ್ಲಿ ಎರಡು ವಿಷಯದ ಹೆಸರು ಇದ್ದರೂ ಪಾಠ ಮಾಡಲು ಜನ ಇರುವುದು ಒಂದಕ್ಕೇ. ಆದ್ದರಿಂದ ಫಾರ್ಮಿಗೆ ಸಹಿ ಹಾಕುವ ಮೊದಲು ಆಫೀಸಿನಲ್ಲಿ ಕೇಳಿ: ಇದಕ್ಕೆ ಉಪನ್ಯಾಸಕರು ಯಾರು, ಎಷ್ಟು ಮಂದಿ ಸೇರಿದರೆ ಕ್ಲಾಸು ನಡೆಯುತ್ತದೆ?

ಸನ್ನದಿಗೂ ಐಚ್ಛಿಕಕ್ಕೂ ಸಂಬಂಧ ಇಲ್ಲ. ಕರ್ನಾಟಕದ ಪದವಿ ಹಿಡಿದು ಕೇರಳ ಬಾರ್ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಬಹುದು. ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಅದಕ್ಕಿಂತ ಹೆಚ್ಚು ಕೇಳಬಾರದು ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಹೇಳಿದೆ.

ತಲಪಾಡಿ ಟೋಲ್
ಬಾಯಿಪಾಠರ ಮಾತು ಕೇಳ್ಬೇಡಿ ಮಾರಾಯ್ರೆ. ವಿಮೆ ತಗೊಳ್ಳಿ. ಗಡಿಯಲ್ಲಿ ಅಪಘಾತ ಪರಿಹಾರದ ಕೇಸಿಗೆ ಬರಗಾಲ ಇಲ್ಲ. ಮೋಟಾರು ವಾಹನ ಕಾಯ್ದೆಯ 166(2)ರ ಪ್ರಕಾರ ಅರ್ಜಿದಾರ ತಾನು ವಾಸವಿರುವ ಕಡೆ, ಅಪಘಾತ ಆದ ಕಡೆ ಅಥವಾ ಪ್ರತಿವಾದಿ ಇರುವ ಕಡೆ ಅರ್ಜಿ ಹಾಕಬಹುದು. ಮಂಜೇಶ್ವರದವನಿಗೆ ತೊಕ್ಕೊಟ್ಟಿನಲ್ಲಿ ಬಸ್ಸು ಬಡಿದರೆ ಮಂಗಳೂರಿಗೆ ಅಲೆಯಬೇಕಿಲ್ಲ, ಕಾಸರಗೋಡಿನಲ್ಲೇ ಹಾಕಬಹುದು. ಎಫ್‌ಐಆರು, ಮಹಜರು, ಆರೋಪಪಟ್ಟಿ ಎಲ್ಲ ಕನ್ನಡದಲ್ಲಿ ಇರುತ್ತವೆ. ಅದನ್ನು ಓದಿ ಅನುವಾದಿಸಬಲ್ಲ ವಕೀಲರಿಗೆ ಅಲ್ಲಿ ಬೆಲೆ ಉಂಟು.

ಲೆಕ್ಕ ಎಷ್ಟು ಸರಳ ನೋಡಿ. ಸತ್ತವನಿಗೆ 34 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 20,000. ಸುಪ್ರೀಂ ಕೋರ್ಟಿನ ಪ್ರಣಯ್ ಸೇಠಿ ತೀರ್ಪಿನಂತೆ 40ರೊಳಗಿನವನಿಗೆ ಭವಿಷ್ಯದ ಏರಿಕೆ 40 ಶೇಕಡಾ ಸೇರಿಸಿ, 28,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದು ನಾಲ್ಕು ಅವಲಂಬಿತರು, ಸ್ವಂತ ಖರ್ಚಿಗೆ ಕಾಲುಪಾಲು ಕಳೆಯಿರಿ, 21,000. ವರ್ಷಕ್ಕೆ 2,52,000. ವಯಸ್ಸು ನೋಡಿ ಹಾಕುವ ಗುಣಕ 17. ಒಟ್ಟು 42,84,000. ಮೇಲಿಂದ ಅಂತ್ಯಕ್ರಿಯೆ, ಸಾಂಗತ್ಯನಷ್ಟ (ಮನೆಯವರಿಗೆ ಅವನ ಆಸರೆ, ಒಡನಾಟ ತಪ್ಪಿದ್ದಕ್ಕೆ) ಇತ್ಯಾದಿ.

ನಾಲ್ಕನೇ ಬೆಂಚು
34ಕ್ಕೆ ಗುಣಕ 16 ಸಾರ್. 17 ಇರುವುದು 26ರಿಂದ 30ರವರೆಗೆ. ಸರಳಾ ವರ್ಮಾ ತೀರ್ಪಿನ ಗುಣಕದ ಪಟ್ಟಿ ಇನ್ನೊಮ್ಮೆ ನೋಡಿ. 40,32,000 ಆಗ್ತದೆ. ಒಂದು ಅಂಕಿ ತಪ್ಪಿದ್ದಕ್ಕೆ ಎರಡೂವರೆ ಲಕ್ಷ ಹೆಚ್ಚು ಕೊಟ್ರಿ, ವಿಮಾ ಕಂಪನಿ ವಕೀಲ ಸುಮ್ಮನೆ ಬಿಡ್ತಾನಾ?

ತಲಪಾಡಿ ಟೋಲ್
ಸರಿ, 16. ಕೈತಪ್ಪಿತು. ಸಾಂಗತ್ಯನಷ್ಟದ 40,000ವೂ ನಿಂತ ನೀರಲ್ಲ, 2017ರ ಆ ತೀರ್ಪಿನಲ್ಲೇ ಮೂರು ವರ್ಷಕ್ಕೊಮ್ಮೆ 10 ಶೇಕಡಾ ಏರಿಸಲು ಹೇಳಿದೆ. ಇದನ್ನು ಮರೆತು ಹಳೇ ಅಂಕಿ ಬರೆಯುವವರೂ ಇದ್ದಾರೆ.

ದಾಖಲೆ ಪೆಟ್ಟಿಗೆ
ಎಲ್ಲರೂ ಐಚ್ಛಿಕದ ಹಿಂದೆ ಬಿದ್ದಿದ್ದೀರಿ, ನಿಜವಾದ ಹೊಂಡ ಕಡ್ಡಾಯ ಪೇಪರಿನಲ್ಲಿ ಉಂಟು. ಮಂಗಳೂರಿನಲ್ಲಿ ಭೂಕಾನೂನು ಎಂದರೆ ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆ, 1964ರ ಭೂಕಂದಾಯ ಕಾಯ್ದೆ. ವಿದ್ಯಾರ್ಥಿ 44ನೇ ಕಲಂ, 48ಎ, ಫಾರ್ಮು 7, ಗೇಣಿ ಜಮೀನು ಸರಕಾರಕ್ಕೆ ಸೇರಿದ ದಿನ 1-3-1974 ಎಂದು ಉರು ಹೊಡೆಯುತ್ತಾನೆ. ಕಾಸರಗೋಡಿನಲ್ಲಿ ಆ ದಿನಾಂಕಕ್ಕೆ ಅರ್ಥವೇ ಇಲ್ಲ. ಇಲ್ಲಿ ಕೇರಳದ 1963ರ ಭೂಸುಧಾರಣಾ ಕಾಯ್ದೆ, 72ನೇ ಕಲಂ, ದಿನಾಂಕ 1-1-1970. ಗೇಣಿದಾರನಿಗೆ ಭೂ ಟ್ರಿಬ್ಯೂನಲ್ ಕೊಡುವ ಕ್ರಯ ಪ್ರಮಾಣಪತ್ರ, ನಮ್ಮವರ ಬಾಯಲ್ಲಿ ಪಟ್ಟಯಂ, 72ಕೆ ಪ್ರಕಾರ ನಿರ್ಣಾಯಕ ಸಾಕ್ಷ್ಯ. ಅದನ್ನು ಬರೀ ಕಂದಾಯ ರಶೀದಿಯ ಹಾಗೆ ಕಂಡು ದಾವೆ ಹೂಡಿದರೆ ಮೊದಲ ದಿನವೇ ಬೆವರು.

ಭೂಮಿತಿ ಕೂಡ ಬೇರೆ. ಇಲ್ಲಿ ಎರಡರಿಂದ ಐದು ಮಂದಿಯ ಕುಟುಂಬಕ್ಕೆ 10 ಸ್ಟಾಂಡರ್ಡ್ ಎಕ್ರೆ (ಜಮೀನಿನ ವರ್ಗ ನೋಡಿ ಲೆಕ್ಕ ಹಾಕುವ ಎಕ್ರೆ). ಪ್ಲಾಂಟೇಶನ್ ಎಂದು ಮಿತಿಯಿಂದ ಹೊರಗಿಟ್ಟದ್ದು ಚಹಾ, ಕಾಫಿ, ಕೊಕ್ಕೊ, ರಬ್ಬರ್, ಏಲಕ್ಕಿ, ದಾಲ್ಚಿನ್ನಿಯನ್ನು. ಅಡಿಕೆ ಆ ಪಟ್ಟಿಯಲ್ಲಿ ಇಲ್ಲ. ತೋಟ ಎಂದ ಕೂಡಲೇ ಪ್ಲಾಂಟೇಶನ್ ಎಂದು ಬರೆಯುವ ಹುಡುಗರು ಇದನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಇನ್ನು ಗದ್ದೆ. 2008ರ ಭತ್ತದ ಗದ್ದೆ ಮತ್ತು ಜೌಗು ಸಂರಕ್ಷಣಾ ಕಾಯ್ದೆ ಕರ್ನಾಟಕದ ಪಠ್ಯದಲ್ಲಿ ಹೆಸರಿಗೂ ಸಿಗುವುದಿಲ್ಲ. ಮೊದಲ ಕೆಲಸ, ಜಾಗ ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ-ಜೌಗಿನ ಸರಕಾರಿ ಪಟ್ಟಿಯಲ್ಲಿ, ಉಂಟಾ ನೋಡುವುದು. ಇದ್ದರೆ ಫಾರ್ಮು 5 ಹಾಕಿ ಹೆಸರು ತೆಗೆಸಬೇಕು. ಇಲ್ಲದೆ, ಗ್ರಾಮ ಕಚೇರಿಯ ದಾಖಲೆಯಲ್ಲಿ ಮಾತ್ರ ‘ನಿಲಂ’ (ಗದ್ದೆ) ಎಂದಿದ್ದರೆ 27ಎ ಕಲಮಿನಲ್ಲಿ ಬೇರೆ ಬಳಕೆಗೆ ಅನುಮತಿ ಕೇಳಬೇಕು. 20.23 ಆರ್‌ವರೆಗೆ ಫಾರ್ಮು 6, ಮೇಲಾದರೆ ಫಾರ್ಮು 7, ಮತ್ತು ಹತ್ತು ಶೇಕಡಾ ಜಾಗ ನೀರಿಗೆ ಮೀಸಲು. ಡಾಟಾ ಬ್ಯಾಂಕ್ ನೋಡದೆ ನೇರ ಫಾರ್ಮು 6 ಹಾಕುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ತಿಂಗಳುಗಟ್ಟಲೆ ಕಾದ ಮೇಲೆ ಬರುವುದು ತಿರಸ್ಕಾರದ ಕಾಗದ.

ಪೆರ್ಲದ ತಿರುವು
ಹಾಗಾದರೆ ಕಡ್ಡಾಯ ಪೇಪರನ್ನು ಪರೀಕ್ಷೆಗೆ ಒಂದು, ಕೋರ್ಟಿಗೆ ಒಂದು ಎಂದು ಎರಡು ಸಲ ಓದಬೇಕು ಅಂತಾಯ್ತು.

ದಾಖಲೆ ಪೆಟ್ಟಿಗೆ
ಹೌದು. ಬೇರೆ ದಾರಿ ಇಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎಡಪುಟ ಕರ್ನಾಟಕ, ಬಲಪುಟ ಕೇರಳ ಮಾಡಿಕೊಳ್ಳಿ. ಕುಮ್ಕಿಯ ಪುಟ ಮಾತ್ರ ಎರಡೂ ಕಡೆ ತುಂಬುತ್ತದೆ, ಅದು ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಬಳುವಳಿ. ವರ್ಗದಾರನಿಗೆ (ಪಟ್ಟಾ ಜಮೀನಿನವನಿಗೆ) ಪಕ್ಕದ ಸರಕಾರಿ ಜಾಗದಿಂದ ಸೊಪ್ಪು, ಹುಲ್ಲು, ಕಟ್ಟಿಗೆ ತರುವ ಸವಲತ್ತು. ಸವಲತ್ತು ಮಾತ್ರ, ಒಡೆತನ ಅಲ್ಲ. ಕುಮ್ಕಿಯನ್ನು ಕ್ರಯಪತ್ರದ ಷೆಡ್ಯೂಲಿಗೆ ಸೇರಿಸಿ ಮಾರಿದವರ ಜಗಳ ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ.

ಎಡನೀರು ದಾರಿ
ಭೂಕಾನೂನು ಒಣ ವಿಷಯ, ಸಂವಿಧಾನವೇ ದೊಡ್ಡದು ಎನ್ನುವವರಿಗೆ ಒಂದು ಮಾತು. ದೇಶದ ಎಲ್ಲ ಕಾನೂನು ಕಾಲೇಜಿನಲ್ಲಿ ಓದುವ ಕೇಶವಾನಂದ ಭಾರತಿ ಪ್ರಕರಣ ಹುಟ್ಟಿದ್ದೇ ನಮ್ಮ ಕಾಸರಗೋಡಿನ ಎಡನೀರು ಮಠದ ಭೂಮಿಯಿಂದ. 1970ರ ಮಾರ್ಚಿನಲ್ಲಿ ಅರ್ಜಿ, 13 ನ್ಯಾಯಮೂರ್ತಿಗಳ ಮುಂದೆ 68 ದಿನ ವಾದ, 1973ರ ಏಪ್ರಿಲ್ 24ರಂದು 7-6ರ ತೀರ್ಪು. ಸಂವಿಧಾನದ ಮೂಲರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸುವ ಹಾಗಿಲ್ಲ ಎನ್ನುವ ಸಿದ್ಧಾಂತ ದೇಶಕ್ಕೆ ದಕ್ಕಿತು, ಭೂಸುಧಾರಣೆಯಿಂದ ಮಠಕ್ಕೆ ಬಿಡುಗಡೆ ದಕ್ಕಲಿಲ್ಲ.

ಅದಕ್ಕೂ ಮೊದಲಿನದ್ದು ಇನ್ನೂ ಚೆಂದ, ಕುಂಞಿಕೋಮನ್ ಪ್ರಕರಣ. ಹೊಸದುರ್ಗ, ಕಾಸರಗೋಡು ತಾಲೂಕಿನ ರೈತವಾರಿ ಭೂಮಿಯವರು (ಸರಕಾರಕ್ಕೆ ನೇರ ಕಂದಾಯ ಕಟ್ಟುವವರು) ಕೇರಳದ ಆಗಿನ ಭೂಸುಧಾರಣೆಯ ಕಾನೂನಿನ ವಿರುದ್ಧ ಹಾಕಿದ್ದು. 1961ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ಹೇಳಿದ್ದು ಎರಡು ಮಾತು. ದಕ್ಷಿಣ ಕನ್ನಡದಿಂದ ಬಂದ ಈ ರೈತವಾರಿ ಭೂಮಿ, ಭೂಸುಧಾರಣೆಯ ಕಾನೂನಿಗೆ ರಕ್ಷಣೆ ಕೊಡುವ 31ಎ ವಿಧಿಯ ‘ಎಸ್ಟೇಟ್’ ಅಲ್ಲ. ಚಹಾ, ಕಾಫಿ, ರಬ್ಬರಿಗೆ ಕೊಟ್ಟ ವಿನಾಯಿತಿ ಅಡಿಕೆ, ಕರಿಮೆಣಸಿಗೆ ಇಲ್ಲ ಎನ್ನುವುದು 14ನೇ ವಿಧಿಗೆ ವಿರುದ್ಧ. ಅದಾದ ಮೇಲೆ 1964ರಲ್ಲಿ 17ನೇ ತಿದ್ದುಪಡಿ ತಂದು ‘ಎಸ್ಟೇಟ್’ ಪದಕ್ಕೆ ರೈತವಾರಿಯನ್ನೂ ಸೇರಿಸಿದರು, ಕೇರಳದ ಕಾಯ್ದೆಯನ್ನು ಕೋರ್ಟಿನ ಪ್ರಶ್ನೆಯಿಂದ ಕಾಪಾಡುವ ಒಂಬತ್ತನೇ ಪರಿಶಿಷ್ಟಕ್ಕೆ ಹಾಕಿದರು. ಅಡಿಕೆ ತೋಟದಿಂದ ಸಂವಿಧಾನಕ್ಕೆ ದಾರಿ ಎಷ್ಟು ಹತ್ತಿರ ನೋಡಿ! ಸಂವಿಧಾನದ ಗುಂಪಿನ ಐಚ್ಛಿಕ ತಗೊಂಡವನು ಈ ಎರಡು ತೀರ್ಪನ್ನು ಪೂರ್ತಿ ಓದದಿದ್ದರೆ ತಗೊಂಡದ್ದು ದಂಡ.

ಬಾಯಿಪಾಠ
ಕೇಶವಾನಂದ ಪೂರ್ತಿ ಓದಿದವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೆ, ಕೈ ಎತ್ತಿ.

ನಾಲ್ಕನೇ ಬೆಂಚು
😄 ಎತ್ತಿದ ಕೈಗೆ ನೋವು ಬರುವಷ್ಟು ಪುಟ ಉಂಟು ಅದರಲ್ಲಿ.

ಎರಡು ಲಿಪಿ
ಮಾನವ ಹಕ್ಕು ಸುಲಭ ಎಂದು ತಗೊಳ್ಳುವವರು ಅದನ್ನು ಇಲ್ಲಿಯದೇ ವಿಷಯದಿಂದ ಓದಿ. 2017ರ ಜನವರಿ 10ರಂದು ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಹಣ ಹೆಚ್ಚಿನವರ ಕೈಗೆ ಬಾರದೆ 2022ರಲ್ಲಿ ನ್ಯಾಯಾಂಗ ನಿಂದನೆ ಅರ್ಜಿಯ ಮೇಲೆ ಮತ್ತೆ ಆದೇಶ ಆಗಬೇಕಾಯಿತು. ತೀರ್ಪು ಸಿಗುವುದು ಬೇರೆ, ಜಾರಿ ಆಗುವುದು ಬೇರೆ ಎಂದು ಕಲಿಸಲು ಇದಕ್ಕಿಂತ ಬೇರೆ ಪಾಠ ಬೇಡ.

ಭಾಷಾ ಅಲ್ಪಸಂಖ್ಯಾತರ ವಿಷಯವೂ ಹಾಗೇ. ಸಂವಿಧಾನದ 29, 30, 350ಎ, 350ಬಿ ವಿಧಿಗಳು ಪುಸ್ತಕದಲ್ಲಿ ಇವೆ. ಅಲ್ಪಸಂಖ್ಯಾತರು ಯಾರೆಂದು ರಾಜ್ಯವಾರು ನೋಡಬೇಕು ಎಂದು 2002ರ ಟಿಎಂಎ ಪೈ ತೀರ್ಪಿನಲ್ಲಿದೆ, ಹಾಗಾಗಿ ಕನ್ನಡಿಗ ತಲಪಾಡಿ ಗಡಿಯಿಂದ ಆಚೆ ಬಹುಸಂಖ್ಯಾತ, ಈಚೆ ಅಲ್ಪಸಂಖ್ಯಾತ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡದವರು ತಮ್ಮ ಭಾಷೆಯಲ್ಲೇ ಸರಕಾರದ ಜತೆ ಪತ್ರವ್ಯವಹಾರ ಮಾಡಲು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಲು ಅವಕಾಶ ಉಂಟು. ಅದನ್ನು ತಲೆಬರಹದಲ್ಲೇ ಉಲ್ಲೇಖಿಸಿ ಅರ್ಜಿ ಬರೆದರೆ ಕೆಳಗಿನ ಕಚೇರಿಯವರು ವಾಪಸು ಮಾಡುವ ಮೊದಲು ಎರಡು ಸಲ ಯೋಚಿಸುತ್ತಾರೆ.

ತಲಪಾಡಿ ಟೋಲ್
ಅರ್ಜಿ ಕನ್ನಡದಲ್ಲಿ ಬರೆಯಬಹುದು ಸ್ವಾಮಿ, ಸಾಕ್ಷಿ ಹೇಳಿಕೆ ಮಲಯಾಳದಲ್ಲಿ ದಾಖಲಾದರೆ ಎಂತ ಮಾಡ್ತೀರಿ? ಓದಲು ಬಾರದವನು ಪಾಟೀ ಸವಾಲು ಮಾಡುವುದು ಹೇಗೆ?

ದಾಖಲೆ ಪೆಟ್ಟಿಗೆ
ಇದು ನಿಜ. ಐಚ್ಛಿಕಕ್ಕಿಂತ ಮೊದಲು ಮಲಯಾಳ ಲಿಪಿ ಕಲಿಯಿರಿ. ಮಾತು ಬರುತ್ತದೆ, ಲಿಪಿ ಬರುವುದಿಲ್ಲ ಎನ್ನುವವರೇ ಹೆಚ್ಚು. ಕಡತದಲ್ಲಿ ದಿನಾ ಸಿಗುವ ಪದ ಮೂವತ್ತು ನಲವತ್ತು ಇರಬಹುದು: ಆಧಾರಂ ಎಂದರೆ ನೋಂದಾಯಿತ ಪತ್ರ, ತಂಡಪ್ಪೇರ್ ಎಂದರೆ ಖಾತೆ, ಪೋಕ್ಕುವರವ್ ಎಂದರೆ ಖಾತೆ ಬದಲಾವಣೆ, ಒಳಿಮುರಿ ಎಂದರೆ ಹಕ್ಕು ಬಿಡುಗಡೆ, ಪುರಯಿಡಂ ಎಂದರೆ ಹಿತ್ತಲು ಜಾಗ. ಮತ್ತೊಂದು ಕಡೆ, ಹಳೇ ಮೂಲಪತ್ರ, ಪಾಲುಪಟ್ಟಿ ಎಲ್ಲ ಕನ್ನಡದ ಮೋಡಿ ಅಕ್ಷರದ ಹಾಗೆ ಕೂಡಿಸಿ ಬರೆದವು. ಎರಡೂ ಓದಬಲ್ಲವನಿಗೆ ಕೆಲಸದ ಚಿಂತೆ ಇಲ್ಲ.

ಕವರು ಪಾಲು
ಪಾಲುಪಟ್ಟಿ ಎಂದಾಗ ನೆನಪಾಯ್ತು. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬಕ್ಕೆ ಪುತ್ತೂರಿನಲ್ಲೂ ಕುಂಬಳೆಯಲ್ಲೂ ಜಾಗ ಇದ್ದರೆ ಲೆಕ್ಕ ಎರಡು. ಕೇರಳದಲ್ಲಿ 1975ರ ಹಿಂದೂ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ 1-12-1976ರಿಂದ ಜಾರಿ. ಆ ದಿನ ಜೀವಂತ ಇದ್ದ ಸದಸ್ಯರಿಗೆಲ್ಲ ತಲೆಗೊಂದು ಪಾಲು ಆದ ಹಾಗೆ. ಗಡಿಯಾಚೆ ಆ ಕಾಯ್ದೆ ಇಲ್ಲ, 1949ರ ಅಳಿಯಸಂತಾನ ಕಾಯ್ದೆಯನ್ನೂ ಹಿಂದೂ ಉತ್ತರಾಧಿಕಾರ ಕಾಯ್ದೆಯ 7(2), 17ನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಮಂಗಳೂರಿನ ಪಠ್ಯ ಓದಿ ಬಂದವನು ಕುಂಬಳೆಯ ಜಾಗಕ್ಕೆ ಕವರು (ತಾಯಿಯ ಕಡೆಯ ಶಾಖೆ) ಲೆಕ್ಕ ಹಾಕಿ ಕೂರುತ್ತಾನೆ. ಮಕ್ಕಳಸಂತಾನದವರಿಗೂ (ತಂದೆಯ ಕಡೆಯಿಂದ ಆಸ್ತಿ ಇಳಿಯುವವರಿಗೂ) ಹೊಸ ಸುದ್ದಿ ಉಂಟು: 1975ರ ಕಾಯ್ದೆಯ 3, 4ನೇ ಕಲಂಗಳು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಕೇಂದ್ರ ತಿದ್ದುಪಡಿಯ ಎದುರು ನಿಲ್ಲುವುದಿಲ್ಲ ಎಂದು 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಹೇಳಿತು. ಹೆಣ್ಣುಮಕ್ಕಳ ಪಾಲಿನ ದಾವೆಗೆ ಇದೇ ಕೀಲಿ.

ಮೋಹಿತ್‌ನಗರ
ಬೌದ್ಧಿಕ ಆಸ್ತಿ ತಗೊಂಡರೆ ಪೇಟೆಂಟಿನಲ್ಲೇ ಮುಳುಗಿ ಹೋಗ್ಬೇಡಿ. ಇಲ್ಲಿಗೆ ಬೇಕಾದ್ದು ಭೌಗೋಳಿಕ ಸೂಚಕ (ಜಿಐ, ಊರಿನ ಹೆಸರಿನ ಮಾಲಿಗೆ ಸಿಗುವ ರಕ್ಷಣೆ) ಮತ್ತು ಸಸ್ಯತಳಿ ಕಾಯ್ದೆ. ಕಾಸರಗೋಡು ಸೀರೆಗೆ, ಕೈಪಾಡ್ ಅಕ್ಕಿಗೆ ಜಿಐ ಉಂಟು. ನೋಂದಣಿ ಕಚೇರಿ ಚೆನ್ನೈಯಲ್ಲಿ, ಅವಧಿ 10 ವರ್ಷ, ಆಮೇಲೆ ನವೀಕರಣ. ಸಂಘಕ್ಕೆ ಜಿಐ ಸಿಕ್ಕಿದ ಕೂಡಲೇ ಪ್ರತಿ ನೇಕಾರನಿಗೆ ಹಕ್ಕು ಬಂತೆಂದು ತಿಳಿಯುವುದೇ ತಪ್ಪು. ಅಧಿಕೃತ ಬಳಕೆದಾರ ಎಂದು ಪ್ರತ್ಯೇಕ ನೋಂದಣಿ ಬೇಕು. ಅದಿಲ್ಲದೆ ನಕಲಿ ಮಾಲಿನ ಮೇಲೆ ದಾವೆ ಹೂಡಲು ಹೋದರೆ ‘ನೀನು ಯಾರು’ ಎನ್ನುವ ಪ್ರಶ್ನೆ ಮೊದಲು ಬರುತ್ತದೆ.

2001ರ ಸಸ್ಯತಳಿ ಕಾಯ್ದೆಯಲ್ಲಿ 39ನೇ ಕಲಂ ಒಂದನ್ನು ಗಟ್ಟಿ ಮಾಡಿಕೊಳ್ಳಿ. ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಬ್ರಾಂಡ್ ಹಾಕಿ ಮಾತ್ರ ಮಾರುವ ಹಾಗಿಲ್ಲ. ಹೇಳಿದಷ್ಟು ಇಳುವರಿ ಬಾರದಿದ್ದರೆ 39(2)ರಲ್ಲಿ ಪರಿಹಾರ ಕೇಳಬಹುದು. ಮರದ ಬೆಳೆಗೆ ರಕ್ಷಣೆ 18 ವರ್ಷ, ಉಳಿದವಕ್ಕೆ 15. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕೂಗಳತೆಯಲ್ಲಿ ಇದೆ, ನೆಟ್ಟಣಿಗೆಯಲ್ಲಿ 650ಕ್ಕೂ ಹೆಚ್ಚು ಭತ್ತದ ತಳಿ ಕಾಪಾಡಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೆಳೇರಿಯವರಿದ್ದಾರೆ. ಪ್ರಾಜೆಕ್ಟಿಗೆ ವಿಷಯ ಹುಡುಕಿ ದಿಲ್ಲಿಗೆ ಹೋಗುವುದು ಯಾಕೆ?

ಬಾಯಿಪಾಠ
ಅಡಿಕೆ ತಳಿ ಬಿಡಿ, ಹೊಸ ಚಾಲಿಗೆ (ಒಣ ಅಡಿಕೆಗೆ) ಎಷ್ಟುಂಟು ಇವತ್ತು?

ಮೋಹಿತ್‌ನಗರ
ರೇಟು ಕೇಳ್ಲಿಕ್ಕೆ ಬೇರೆ ಗುಂಪು ಉಂಟು.

ಕರಿಕೋಟು
ಚಾಲಿ ಮಾತು ಬಂದದ್ದು ಒಳ್ಳೇದೇ ಆಯ್ತು, ಬ್ಯಾಂಕಿಂಗ್ ಪೇಪರಿಗೆ ದಾರಿ ಸಿಕ್ಕಿತು. ಅಡಿಕೆ ಮಾರಿದವನಿಗೆ ಮಂಗಳೂರಿನ ವ್ಯಾಪಾರಿ ಕೊಟ್ಟ ಚೆಕ್ಕು ವಾಪಸಾಯಿತು. ದೂರು ಎಲ್ಲಿ? ಚೆಕ್ಕಿನ ಕಾಯ್ದೆಯ 2015ರ ತಿದ್ದುಪಡಿಯ ನಂತರ, ಖಾತೆಗೆ ಹಾಕಿದ ಚೆಕ್ಕಾದರೆ, ಹಣ ಪಡೆಯಬೇಕಾದವನ ಖಾತೆ ಇರುವ ಶಾಖೆಯ ಊರಿನಲ್ಲಿ. ಖಾತೆ ಮುಳ್ಳೇರಿಯದ್ದಾದರೆ ಕಾಸರಗೋಡಿನ ಕೋರ್ಟು. ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟೀಸು, ನೋಟೀಸು ತಲುಪಿ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳೊಳಗೆ ದೂರು. ಕೇಸು ಬಿದ್ದುಹೋಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, 15 ದಿನ ಮುಗಿಯುವ ಮೊದಲೇ ಅವಸರದಲ್ಲಿ ಹಾಕಿದ ದೂರು. ಇನ್ನೊಂದು, ನೋಟೀಸಿನಲ್ಲಿ ಚೆಕ್ಕಿನ ಮೊತ್ತವನ್ನು ಬೇರೆಯಾಗಿ ತೋರಿಸದೆ ಬಡ್ಡಿ, ಖರ್ಚು ಎಲ್ಲ ಕಲಸಿ ಒಂದೇ ಅಂಕಿ ಕೇಳಿದ್ದು.

ಎಐಬಿಇ ಲೆಕ್ಕವನ್ನೂ ಹೇಳಿಬಿಡ್ತೇನೆ. 100 ಪ್ರಶ್ನೆಯಲ್ಲಿ ಬೌದ್ಧಿಕ ಆಸ್ತಿಗೆ 2, ಸೈಬರಿಗೆ 2, ಭೂಸ್ವಾಧೀನಕ್ಕೆ 2. ಚೆಕ್ಕಿನ ಕಾಯ್ದೆ ಕರಾರು, ಆಸ್ತಿ ವರ್ಗಾವಣೆಯ ಜತೆ ಸೇರಿ 8. ಮೋಟಾರು ವಾಹನ ಕಾಯ್ದೆ ಅಪಕೃತ್ಯ (ಟಾರ್ಟ್), ಗ್ರಾಹಕ ಕಾನೂನಿನ ಜತೆ ಸೇರಿ 5. ಐಚ್ಛಿಕ ನೋಡಿ ಎಐಬಿಇ ಪಾಸು ಮಾಡುವ ಕನಸು ಬೇಡ, ಸಂವಿಧಾನ, ಎರಡು ಪ್ರಕ್ರಿಯಾ ಸಂಹಿತೆ ಸೇರಿ 30 ಉಂಟು. ಸಾಮಾನ್ಯ ವರ್ಗಕ್ಕೆ 45 ಸಾಕು, ಋಣಾಂಕ ಇಲ್ಲ.

ನಾಲ್ಕನೇ ಬೆಂಚು
ಸೈಬರ್ ಕಾನೂನು ಯಾರೂ ಹೇಳಲಿಲ್ಲ. ಈಗ ಯಾವ ಕೇಸಿನಲ್ಲಿ ವಾಟ್ಸ್ಆ್ಯಪ್ ಇಲ್ಲ? 2024ರ ಜುಲೈ 1ರಿಂದ ಇಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಪ್ರಮಾಣಪತ್ರಕ್ಕೆ ಎರಡು ಭಾಗ: ಎ ಭಾಗ ಪಕ್ಷಗಾರನದ್ದು, ಬಿ ಭಾಗ ತಜ್ಞನದ್ದು, ಎರಡರಲ್ಲೂ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನೇ ಜೆರಾಕ್ಸ್ ಹೊಡೆದು ಹಾಕುವವರು ಈಗಲೂ ಇದ್ದಾರೆ. ಹ್ಯಾಶ್ ತೆಗೆದ ಮೇಲೆ ಫೈಲನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ವಿಡಿಯೋ ಕುಗ್ಗಿ ಹ್ಯಾಶ್ ಬದಲಾಗುತ್ತದೆ. ಮೂಲ ಫೈಲನ್ನು ಪೆನ್‌ಡ್ರೈವಿಗೆ ನೇರ ನಕಲು ಮಾಡಿ, ಅಲ್ಲಿ ಮತ್ತೊಮ್ಮೆ ಹ್ಯಾಶ್ ತೆಗೆದು ಎರಡೂ ಒಂದೇ ಎಂದು ನೋಡಿ.

ಎಡನೀರು ದಾರಿ
ಸಹಕಾರ ಕಾನೂನೂ ಬಿಟ್ಟುಹೋಯ್ತು. ಊರಿನ ಸೇವಾ ಸಹಕಾರಿ ಬ್ಯಾಂಕಿಗೆ ಕೇರಳದ 1969ರ ಕಾಯ್ದೆ, ವಿವಾದ 69ನೇ ಕಲಮಿನಲ್ಲಿ. ಎರಡು ರಾಜ್ಯದಲ್ಲಿ ಸದಸ್ಯರಿರುವ ಅಡಿಕೆ ಬೆಳೆಗಾರರ ಸಂಘ ಕ್ಯಾಂಪ್ಕೋಗೆ 2002ರ ಬಹುರಾಜ್ಯ ಕಾಯ್ದೆ, ವಿವಾದ 84ನೇ ಕಲಮಿನ ಮಧ್ಯಸ್ಥಿಕೆಗೆ. ಯಾವ ಸಂಘ ಎಂದು ನೋಡದೆ ಸಿವಿಲ್ ದಾವೆ ಹಾಕಿದರೆ ಅಧಿಕಾರವ್ಯಾಪ್ತಿಯಲ್ಲೇ ಎಡವುತ್ತೀರಿ.

ಪೆರ್ಲದ ತಿರುವು
ಎಲ್ಲರಿಗೂ ಉಪಕಾರ. ಮಕ್ಕಳು ಸದ್ಯಕ್ಕೆ ವಿಮೆ, ಬ್ಯಾಂಕಿಂಗ್, ಬೌದ್ಧಿಕ ಆಸ್ತಿ ಎಂದು ಬರೆದುಕೊಂಡಿದ್ದಾರೆ. ಭೂಕಾನೂನಿಗೆ ಎಡಪುಟ ಬಲಪುಟ. ಇಂಟರ್ನ್‌ಶಿಪ್ ಮಂಗಳೂರಿನಲ್ಲೇ ಮಾಡಬೇಕಾ?

ಕರಿಕೋಟು
ಬೇಡ. ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20. ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವ ಹಾಗಿಲ್ಲ. ಮೊದಲ ವರ್ಷ ಕಾಸರಗೋಡಿನಲ್ಲಿ ಸಿವಿಲ್ ವಕೀಲರ ಹತ್ತಿರ, ಎರಡನೇ ವರ್ಷ ಅಪಘಾತ ಪರಿಹಾರದ ಕಡೆ, ಕೊನೆಯ ನಾಲ್ಕು ವಾರ ಹೈಕೋರ್ಟು ಇರುವ ಎರ್ನಾಕುಳದಲ್ಲಿ ಮೇಲ್ಮನವಿ ನೋಡುವವರ ಹತ್ತಿರ. ವಿಚಾರಣಾ ವಕೀಲರು, ಮೇಲ್ಮನವಿ ವಕೀಲರು ಇಬ್ಬರ ಹತ್ತಿರವೂ ಒಮ್ಮೆಯಾದರೂ ಇರಬೇಕು ಎಂದು ನಿಯಮ ಉಂಟು. ಡೈರಿ ಅಂದಂದೇ ಬರೆಯಿರಿ. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪೇಪರಿನ 100ರಲ್ಲಿ 30 ಅಂಕ ಕಕ್ಷಿದಾರರ ಸಂದರ್ಶನ ಮತ್ತು ಡೈರಿಗೆ, ಇನ್ನು 30 ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಬರೆದದ್ದಕ್ಕೆ. ಕೊನೇ ವಾರ ಕೂತು ಒಂದೇ ಪೆನ್ನಿನಲ್ಲಿ ಬರೆದ ಡೈರಿ ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಬಾಯಿಪಾಠ
ಒಂದು ದಡ್ಡ ಪ್ರಶ್ನೆ. ದಾಖಲೆ ಪೆಟ್ಟಿಗೆಯವರು ಮೇಲೆ 20.23 ಆರ್ ಎಂದರಲ್ಲ, ಅದು ಎಕ್ರೆಯಾ?

ದಾಖಲೆ ಪೆಟ್ಟಿಗೆ
ಅಲ್ಲ. ಒಂದು ಆರ್ ಎಂದರೆ 100 ಚದರ ಮೀಟರ್, 2.47 ಸೆಂಟ್ಸ್. 20.23 ಆರ್ ಎಂದರೆ 50 ಸೆಂಟ್ಸ್. ಹಳೇ ವರ್ಗಪತ್ರದಲ್ಲಿ ಎಕ್ರೆ-ಸೆಂಟ್ಸ್ ಇರುತ್ತದೆ, ಹೊಸ ತೆರಿಗೆ ರಶೀದಿಯಲ್ಲಿ ಹೆಕ್ಟೇರ್-ಆರ್-ಚದರ ಮೀಟರ್. ರಶೀದಿಯ ಮೂರು ಕಾಲಮಿನಲ್ಲಿ ನಡುವಿನದ್ದು ಆರ್. ಅದನ್ನು ಎಕ್ರೆ ಎಂದು ಓದಿ ಅರ್ಧ ಎಕ್ರೆ ಗದ್ದೆಯನ್ನು ಇಪ್ಪತ್ತು ಎಕ್ರೆ ಮಾಡಿದರೆ ಭೂಮಿತಿ ಪ್ರಕರಣವನ್ನು ನಾವೇ ಬರೆದುಕೊಟ್ಟ ಹಾಗೆ.

ಬಾಯಿಪಾಠ
ಹಾಗಾದ್ರೆ ನಾನು ಮಾನವ ಹಕ್ಕೇ ತಗೊಳ್ತೇನೆ.